ಮಣ್ಣಿನ ಪಾಲು

ನಮ್ಮಪ್ಪ ಕಾಯಿಲೆ ಬಿದ್ದು ಎರಡು ವರ್ಷವಾಗಿತ್ತು. ಉಸಿರು ನಿಂತೂ ಅಷ್ಟೇ ಕಾಲವಾಗಿತ್ತು.

ಇದರಲ್ಲಿ ಬೆಚ್ಚಿಬೀಳುವಂಥದ್ದೇನೂ ಇಲ್ಲ. ನಮ್ಮ ತೊರಾಜ ಬೆಟ್ಟಗಳಲ್ಲಿ ಮೊದಲ ಕೋಣ ಅಂಗಳದಲ್ಲಿ ಉರುಳಿ ಜಾಗಟೆ ಬಾರಿಸುವವರೆಗೆ ಮನುಷ್ಯ ಸತ್ತವರ ಲೆಕ್ಕಕ್ಕೆ ಸೇರುವುದಿಲ್ಲ, ಕಾಯಿಲೆಯವರ ಲೆಕ್ಕದಲ್ಲೇ ಇರುತ್ತಾನೆ. ಅಪ್ಪ ಮೈತುಂಬ ಬಟ್ಟೆ ಸುತ್ತಿಸಿಕೊಂಡು ಮನೆಯ ದಕ್ಷಿಣದ ಕೋಣೆಯಲ್ಲಿ ಮಲಗಿದ್ದ. ಅವ್ವ ಬೆಳಿಗ್ಗೆ ಅವನ ಪಕ್ಕ ಕಾಫಿ ಇಡುತ್ತಿದ್ದಳು, ಮಧ್ಯಾಹ್ನ ಅನ್ನ ಇಡುತ್ತಿದ್ದಳು. ಗದ್ದೆಗೆ ನೀರು ಬಿಟ್ಟ ಸುದ್ದಿ, ಯಾರ ಹಂದಿ ಯಾರ ಗೆಣಸಿನ ತೋಟಕ್ಕೆ ನುಗ್ಗಿತು ಎಂಬ ಸುದ್ದಿ, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಬದುಕಿದ್ದಾಗ ಅಪ್ಪ ಇಷ್ಟು ತಾಳ್ಮೆಯಿಂದ ಯಾವತ್ತೂ ಕೇಳಿಸಿಕೊಂಡವನಲ್ಲ.

ನನ್ನ ಹೆಸರು ಲೆಬಾಂಗ್. ನಮ್ಮಲ್ಲಿ ಮೊದಲ ಮಗು ಹುಟ್ಟಿದ ಮೇಲೆ ತಂದೆ ತಾಯಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ಅಪ್ಪ ಊರಿಗೆಲ್ಲ ಅಂಬೆ ಲೆಬಾಂಗ್, ಅಂದರೆ ಲೆಬಾಂಗಳ ಅಪ್ಪ. ಅವ್ವ ಇಂದೋ ಲೆಬಾಂಗ್. ಅವರಿಬ್ಬರ ಹೆಸರನ್ನು ನುಂಗಿಕೊಂಡು ಹುಟ್ಟಿದವಳು ನಾನು. ಜೊತೆಗೆ ಹುಟ್ಟಿದ್ದು ಒಂದು ಚಟ, ಕಂಡದ್ದನ್ನೆಲ್ಲ ಯಾಕೆ, ಹೇಗೆ, ಯಾರು ಹೇಳಿದ್ದು ಎಂದು ಕೇಳುವುದು. "ಇವಳ ಬಾಯಿಗೆ ಬೀಗ ಮಾಡೋ ಕಮ್ಮಾರ ಇನ್ನೂ ಹುಟ್ಟಿಲ್ಲ" ಎಂದು ಅಪ್ಪ ರೇಗುತ್ತಿದ್ದ. ರೇಗಿದರೂ ಉತ್ತರ ಮಾತ್ರ ಕೊಡುತ್ತಿದ್ದ. ಅವನ ಮೇಲಿನ ನನ್ನ ಪ್ರೀತಿಗೆ ಅದೇ ಕಾರಣ.

ಅಪ್ಪನನ್ನು ಸತ್ತವರ ಊರಿಗೆ ಹೊತ್ತುಕೊಂಡು ಹೋಗಬೇಕಾದ ಕೋಣವನ್ನು ಅಪ್ಪನೇ ಆರಿಸಿಟ್ಟಿದ್ದ. ಅದರ ಹೆಸರು ತೋದಿ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಅಂಗೈಯಷ್ಟು ಬಿಳಿ. ಸಂತೆಯಲ್ಲಿ ಕರುವಾಗಿದ್ದಾಗ ಅದರ ಮೈಮೇಲಿನ ಸುಳಿಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ, ಮಾರುವವನ ತಾಳ್ಮೆ ಕೆಡಿಸಿ, ಕೊನೆಗೆ ತಂದಿದ್ದ. ಉಳುವುದಕ್ಕಲ್ಲ, ಹೊರುವುದಕ್ಕಲ್ಲ. ನನ್ನ ತಮ್ಮ ತಂದಿಯ ಕೆಲಸವೆಂದರೆ ಅದಕ್ಕೆ ಎಳೆ ಹುಲ್ಲು ಕೊಯ್ದು ಬಾಯಿಗಿಡುವುದು, ಮೈ ಉಜ್ಜುವುದು, ಕೊಂಬಿಗೆ ಎಣ್ಣೆ ಹಚ್ಚುವುದು. ತಂದಿಯ ಹೆಂಡತಿ ಒಮ್ಮೆ, "ನನ್ನ ಬೆನ್ನು ಇಷ್ಟು ಚೆನ್ನಾಗಿ ಯಾವತ್ತಾದ್ರೂ ಉಜ್ಜಿದೀಯಾ?" ಎಂದು ಕೇಳಿ ಊರನ್ನೆಲ್ಲ ನಗಿಸಿದ್ದಳು.

ತೋದಿ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ. ಮೊದಲ ಕೋಣ ಅದು, ಉಳಿದವು ಸಾದನ್ ಹೊಳೆಯಾಚೆಯ ನೆಂಟರ ಮನೆಗಳಿಂದ ಬರಬೇಕು. ಆ ವರ್ಷದ ಕೊಯ್ಲಾದ ಮೇಲೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಬಂತು ಕಾನೂನು.

ಡಚ್ಚರು ನಮ್ಮ ಬೆಟ್ಟ ಹತ್ತಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅವರ ಕಾನೂನುಗಳಿಗೆ ನಾವು ಒಗ್ಗಿಕೊಂಡಿದ್ದೆವು. ಮನುಷ್ಯರ ಮೇಲಿನ ಕಾನೂನನ್ನು ಹೇಗೋ ಸಹಿಸಬಹುದು. ಇದು ಕೋಣಗಳ ಮೇಲಿನ ಕಾನೂನು. ಹೊಳೆಯಾಚೆ ಗಂಟಲು ಊದಿಸಿ ಕೊಲ್ಲುವ ಗಳಲೆ ರೋಗ ಬಂದಿದೆ, ಇನ್ನು ಮೇಲೆ ಯಾವ ಕೋಣವೂ ಎಮ್ಮೆಯೂ ಹೊಳೆ ದಾಟುವ ಹಾಗಿಲ್ಲ, ಅಪ್ಪಣೆಯಿಲ್ಲದೆ ಯಾರೂ ಕೋಣ ಕಡಿಯುವ ಹಾಗಿಲ್ಲ, ಕಾಯಿಲೆ ಕಂಡರೆ ಮುಚ್ಚಿಡುವ ಹಾಗಿಲ್ಲ ಎಂದು ಸಂತೆಯಲ್ಲಿ ಡಂಗುರ ಹೊಡೆಸಿದರು. ಹೊಳೆಯ ದಾರಿಗಳಿಗೆ ಬಿದಿರಿನ ಬೇಲಿ ಬಿತ್ತು. ನೆಂಟರು ಆಚೆ ದಡದಲ್ಲಿ, ನಾವು ಈಚೆ ದಡದಲ್ಲಿ.

"ರೋಗಕ್ಕೆ ಬೇಲಿ ಕಾಣುತ್ತಾ?" ಎಂದು ನಾನು ಕೇಳಿದೆ.

"ನಮಗೆ ಕಾಣುತ್ತಲ್ಲ, ಅಷ್ಟಕ್ಕೇ ಹಾಕಿರೋದು" ಎಂದ ನೆ ಸೇಸಾ.

ನೆ ಸೇಸಾ ಅವ್ವನ ಸೋದರಮಾವ. ನಮ್ಮ ಕೇರಿಯ ಹುಟ್ಟು ಸಾವಿನ ಕಟ್ಟಳೆಗಳೆಲ್ಲ ಅವನ ನಾಲಿಗೆಯ ಮೇಲಿದ್ದವು. ಕಡಿದ ಕೋಣದ ಮಾಂಸವನ್ನು ಮನೆಮನೆಗೆ ಪಾಲು ಹಂಚುವಾಗ ಅಟ್ಟಣೆ ಹತ್ತಿ ಹೆಸರು ಕೂಗುವವನೂ ಅವನೇ. ಹಲ್ಲು ಹೋಗಿದ್ದರೂ ಅವನ ದನಿ ಗುಡ್ಡದಾಚೆಗೆ ಕೇಳಿಸುತ್ತಿತ್ತು.

ಬೇಲಿ ಬಿದ್ದ ಕೆಲವು ದಿನಕ್ಕೆ ನಮ್ಮ ಕೇರಿಗೆ ಮಂತ್ರಿ ಬಂದ. ಮಂತ್ರಿ ಎಂದರೆ ಅರಮನೆಯವನಲ್ಲ. ದನದ ಡಾಕ್ಟರ್ ದೊರೆಯ ಕೈಕೆಳಗೆ ಊರೂರು ಅಲೆಯುವವನಿಗೆ ಸರ್ಕಾರ ಇಟ್ಟ ಹೆಸರೇ ಅದು. ಕಡಲಾಚೆಯ ಜಾವಾ ದ್ವೀಪದವನು, ಹೆಸರು ಪರ್ತೋನೋ. ಬಿಳಿ ಅಂಗಿ, ಮಂಡಿಯವರೆಗೆ ಕೆಸರು. ಅವನು ತೋದಿಯ ಗಂಟಲು ಮುಟ್ಟಿ ನೋಡಿದ, ಕಣ್ಣ ರೆಪ್ಪೆ ಮಗುಚಿ ನೋಡಿದ. ಆಮೇಲೆ ಸರ್ಕಾರದ ಕೆಲಸಕ್ಕೆ ಸಂಬಂಧವೇ ಇಲ್ಲದಂತೆ ಅದರ ಭುಜದ ಮೇಲಿನ ಸುಳಿಯ ಸುತ್ತ ಬೆರಳಾಡಿಸಿದ. ಅದು ಅಪ್ಪನ ಬೆರಳಿನ ಓಡಾಟವೇ.

"ಇದರ ಸುಳಿ ನೋಡಿ ಆರಿಸಿದವರು ಯಾರು?"

"ನಮ್ಮಪ್ಪ" ಎಂದ ತಂದಿ, ಗಂಟು ಮುಖ ಹಾಕಿಕೊಂಡೇ.

"ಕಣ್ಣಿದ್ದವರು. ನಮ್ಮ ಜಾವಾದಲ್ಲೂ ಹೀಗೇ ನೋಡ್ತಾರೆ. ಅವರನ್ನ ಮಾತಾಡಿಸಬಹುದಾ?"

"ಒಳಗವ್ರೆ. ಹುಷಾರಿಲ್ಲ."

ಬೆಟ್ಟದಲ್ಲಿ ಆರು ತಿಂಗಳು ತಿರುಗಿದ್ದವನಿಗೆ ಅದರ ಅರ್ಥ ಗೊತ್ತಿತ್ತು. ಗೊತ್ತಿದ್ದವರು ಸಾಮಾನ್ಯವಾಗಿ ಅಲ್ಲಿಗೇ ಕೆಮ್ಮಿ ಬೇರೆ ಮಾತು ತೆಗೆಯುತ್ತಾರೆ. ಇವನು ಕಾಲು ತೊಳೆದುಕೊಂಡು, ಕಂಬಗಳ ಮೇಲೆ ನಿಂತ ನಮ್ಮ ಮನೆಯ ಏಣಿ ಹತ್ತಿದ. ನಾನು ಬಿಡುತ್ತೇನೆಯೇ? ಹಿಂದೆಯೇ ಹತ್ತಿದೆ, ಅವನ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು.

"ರೀ, ನಿಮ್ಮ ಕೋಣ ನೋಡೋಕೆ ಜಾವಾದಿಂದ ಬಂದವ್ರೆ" ಎಂದು ಅವ್ವ ಅಪ್ಪನಿಗೆ ಹೇಳಿದಳು.

ಮಂತ್ರಿ ಚಕ್ಕಳಮಕ್ಕಳ ಹಾಕಿ ಕೂತ. ಬಟ್ಟೆಯ ದೊಡ್ಡ ಸುರುಳಿಯ ಕಡೆ ತಿರುಗಿ ಸಲಾಂ ಹೇಳಿದ. "ಭುಜದ ಎರಡು ಸುಳಿ ಸಮ ಸಮ ಇವೆ, ಹಿರಿಯರೇ. ಇಂಥದ್ದು ನಾನು ಬಹಳ ನೋಡಿಲ್ಲ" ಎಂದ. ಅವ್ವ ಅಂದೇ ಸೋತಳು. ಗಂಡ ಮಲಗಿದ ಮೇಲೆ ಅವನ ಜೊತೆ ಕೋಣದ ಮಾತಾಡಿದ ಮೊದಲ ಹೊರಗಿನವನು ಅವನು.

ಅವ್ವ ಕಾಫಿ ಕೊಟ್ಟಳು. ನಾನು ಬಾಯಿ ಬಿಟ್ಟೆ. "ನಿಮ್ಮ ಕಡೆ ಎಷ್ಟು ದಿನ ಮನೇಲಿಟ್ಕೋತೀರಾ?"

"ದಿನದ ಮಾತೇ ಇಲ್ಲಮ್ಮ. ಹೊತ್ತು ಮುಳುಗೋದ್ರೊಳಗೆ ಮಣ್ಣು."

ಅವ್ವ ಹೌಹಾರಿದಳು. "ಅಷ್ಟು ಆತುರವೇನು ಸ್ವಾಮಿ? ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರಾ? ದೂರದಲ್ಲಿರೋ ಮಕ್ಕಳ ಗತಿ?"

"ಬಂದ್ರೆ ಬಂದ್ರು, ಇಲ್ಲಾಂದ್ರೆ ಇಲ್ಲ" ಎಂದು ಮಂತ್ರಿ ಲೋಟ ಕೆಳಗಿಟ್ಟು ಎದ್ದ. ಕಾಫಿ ಅರ್ಧ ಉಳಿದಿತ್ತು. ಯಾಕೆ ಉಳಿಸಿದ ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡೆ.

ಬೇಲಿ ರೋಗಕ್ಕೆ ಕಾಣಲಿಲ್ಲ. ಪಕ್ಕದ ಮನೆಯವರ ಎಮ್ಮೆ ಒಂದು ಬೆಳಿಗ್ಗೆ ಗಂಟಲು ಊದಿಸಿಕೊಂಡು ನಿಂತಿತ್ತು, ಸಂಜೆಗೆ ಸತ್ತಿತು. ಅದೂ ತೋದಿಯೂ ಹೊರಳುತ್ತಿದ್ದದ್ದು ಒಂದೇ ಕೆಸರುಗುಂಡಿಯಲ್ಲಿ.

ಮಾರನೆಯ ದಿನ ಮಂತ್ರಿ ಬಂದ, ಜೊತೆಗೆ ಕೋವಿ ಹಿಡಿದ ಪೊಲೀಸಿನವನು. ಮಂತ್ರಿಯ ಮುಖದಲ್ಲಿ ರಕ್ತವಿರಲಿಲ್ಲ.

"ಒಂದೇ ಕೆಸರಲ್ಲಿ ಬಿದ್ದಿದ್ದನ್ನ ಬಿಡೋ ಹಾಗಿಲ್ಲ. ದೊರೆ ಅಪ್ಪಣೆ. ಒಂದೇ ಗುಂಡು, ನೋವಾಗಲ್ಲ. ಆಮೇಲೆ ಆಳದ ಗುಂಡಿ, ಸುಣ್ಣ. ಕೊಯ್ಯೋ ಹಾಗಿಲ್ಲ, ತಿನ್ನೋ ಹಾಗಿಲ್ಲ, ಚರ್ಮ ತೆಗೆಯೋ ಹಾಗಿಲ್ಲ."

ತಂದಿ ಮಚ್ಚು ಹಿಡಿದು ತೋದಿಯ ಮುಂದೆ ನಿಂತ. "ಗಂಟಲು ಊದಿದೆಯಾ ತೋರ್ಸು. ತೋರ್ಸಯ್ಯ! ಬೆಳಿಗ್ಗೆ ಮೂರು ಹೊರೆ ಹುಲ್ಲು ತಿಂದೈತೆ. ಮೊದಲು ನನಗೆ ಹೊಡಿ, ಆಮೇಲೆ ಅದಕ್ಕೆ."

ಪೊಲೀಸಿನವನು ಕೋವಿ ಎತ್ತಿದ. ಮಂತ್ರಿ ಅದರ ತುದಿಯನ್ನು ಕೈಯಿಂದ ಕೆಳಕ್ಕೆ ಒತ್ತಿದ. ಆಗ ನೆ ಸೇಸಾ ಬಂದು ಇಬ್ಬರ ನಡುವೆ ನೆಲದ ಮೇಲೆ ಕೂತುಬಿಟ್ಟ. ಮುದುಕ ಕೂತರೆ ಯಾರಿಗೂ ನಿಂತು ಜಗಳವಾಡುವುದು ಸರಿಕಾಣುವುದಿಲ್ಲ.

"ಮಂತ್ರಿಗಳೇ, ವಿಷಯ ಏನಂದ್ರೆ" ಎಂದು ನಿಧಾನವಾಗಿ ಶುರು ಮಾಡಿದ. "ಕಾಯಿಲೆಯವನು ಮನೇಲಿರುವಾಗ ಅವನ ಕೋಣ ಅವನ ಅಂಗಳದಲ್ಲಿ ಉರುಳಿದ್ರೆ, ಆ ಗಳಿಗೇಲಿ ಅವನು ಸತ್ತ ಹಾಗೆ. ಯಾರು ಉರುಳಿಸಿದ್ರು ಅಂತ ಕಟ್ಟಳೆ ಕೇಳಲ್ಲ. ನೀವು ಹೊಡೆಯೋದು ಕೋಣಕ್ಕಲ್ಲ, ಅಂಬೆ ಲೆಬಾಂಗ್‌ಗೆ. ಅದೂ ಜಾಗಟೆ ಇಲ್ಲ, ನೆಲಕ್ಕೆ ರಕ್ತ ಇಲ್ಲ. ಅವನು ದಾರಿ ಮಧ್ಯೆ ನಿಂತ್ಕೋತಾನೆ. ಹೋಗೋಕೂ ಆಗಲ್ಲ, ವಾಪಸ್ ಬರೋಕೂ ಆಗಲ್ಲ."

ಅವ್ವ ಏಣಿಯ ಮೆಟ್ಟಿಲ ಮೇಲೆ ಕೂತು ಅಪ್ಪನ ಕೋಣೆಯ ಕಡೆ ನೋಡಿದಳು. ಅವಳು ಅಷ್ಟು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪನ ಉಸಿರು ನಿಂತಾಗಲೂ ಅವಳು ಹೀಗಾಗಿರಲಿಲ್ಲ.

ಮಂತ್ರಿಯೂ ನೆಲದ ಮೇಲೆ ಕೂತ. "ನೀವೇ ಕಡಿಯಿರಿ ಅಂದ್ರೆ ರಕ್ತ ಅಂಗಳಕ್ಕೆ ಬೀಳುತ್ತೆ. ಮಳೆ ಬಂದ್ರೆ ಅದು ಗದ್ದೆಗೆ, ಗದ್ದೆಯಿಂದ ಹೊಳೆಗೆ. ಕೆಳಗಿನ ಊರುಗಳ ಗತಿ ಏನು ಅಜ್ಜ?"

ಇದು ಸುಳ್ಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಸಿಟ್ಟು ಬಂದದ್ದು ಅದಕ್ಕೇ. ಮೂರ್ಖ ಕಾನೂನಾದರೆ ಬೈದು ಹಗುರಾಗಬಹುದು. ತೋದಿ ತಂದಿಯ ಬೆನ್ನು ನೆಕ್ಕುತ್ತಿತ್ತು.

ಮಾತಾಡಿದ್ದು ಅವ್ವ. "ರಕ್ತ ಗುಂಡಿ ದಾಟಬಾರದು, ಅಷ್ಟೇ ತಾನೆ ನಿಮ್ಮ ಕಾನೂನು?"

"ಹೌದಮ್ಮ."

"ಗುಂಡಿಗೂ ನೆಲ ಇರುತ್ತಲ್ಲ. ಅಂಗಳದಲ್ಲೇ ಗುಂಡಿ ತೋಡಿ. ಇಳಿಜಾರು ಮಾಡಿ. ತೋದಿ ತಾನೇ ಇಳೀಲಿ. ತಳದಲ್ಲಿ ಗೂಟ ಹೊಡೆದು ಅಲ್ಲೇ ಕಡೀಲಿ."

ಎಲ್ಲರೂ ನೆ ಸೇಸಾನ ಕಡೆ ತಿರುಗಿದರು. ಮುದುಕ ಕಣ್ಣು ಮುಚ್ಚಿಕೊಂಡ. ತಲೆಮಾರುಗಳ ಹಿಂದಕ್ಕೆ ಹೋಗಿ ಹುಡುಕುತ್ತಿದ್ದಾನೆ ಎಂದು ತುಟಿಯ ಅಲುಗಾಟದಲ್ಲೇ ಕಾಣುತ್ತಿತ್ತು. "ಅಂಗಳದಲ್ಲಿ ಅಂತ ಹಿರಿಯರು ಹೇಳವ್ರೆ. ಅಂಗಳ ಎಷ್ಟು ಆಳದವರೆಗೆ ಅಂಗಳ ಅಂತ ಯಾರೂ ಹೇಳಿಲ್ಲ" ಎಂದ ಕೊನೆಗೆ.

"ಹಾಗಾದ್ರೆ ಆಗುತ್ತಾ ಅಜ್ಜ?" ನಾನು ಕೇಳಿದೆ.

"ಆಗಲ್ಲ ಅಂತ ಹೇಳೋಕೆ ನನಗೇನೂ ಸಿಗ್ತಾ ಇಲ್ಲ."

ಮಂತ್ರಿಯೂ ತನ್ನ ಕಾನೂನನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದ. "ಗುಂಡಿಯೊಳಗೆ ನಿಂತು ಕಡೀಬಾರದು ಅಂತ ಬರೆದಿಲ್ಲ. ಬರೆದೋರಿಗೆ ಇಂಥ ಯೋಚನೇನೇ ಬಂದಿಲ್ಲ" ಎಂದು ಮೊದಲ ಸಲ ನಕ್ಕ. ಆಮೇಲೆ ಬೆರಳು ಎಣಿಸುತ್ತಾ ಹೇಳಿದ, ಇಳಿದವರು ಸುಣ್ಣದ ನೀರಲ್ಲಿ ಕೈಕಾಲು ತೊಳೆಯಬೇಕು, ಉಟ್ಟ ಬಟ್ಟೆ ಬೇಯಿಸಬೇಕು, ಮಾಂಸ ಒಂದು ಚೂರೂ ಮೇಲೆ ಬರಕೂಡದು.

"ಪಾಲಿಲ್ಲವಾ?" ನೆ ಸೇಸಾನ ಮುಖ ಬಾಡಿತು. "ಹೆಸರು ಕೂಗಿ ಪಾಲು ಕೊಡದಿದ್ರೆ ಅದು ಬರೀ ಸತ್ತ ಕೋಣ. ಯಾರೂ ಪಾಲು ತಗೊಳ್ಳದ ಕೋಣ ದಾರಿ ತೋರಿಸುತ್ತಾ? ನನಗೆ ಗೊತ್ತಿಲ್ಲ ಮಗಳೇ. ಇದನ್ನ ನನ್ನ ಅಜ್ಜಂಗೂ ಯಾರೂ ಕೇಳಿಲ್ಲ."

ಮಂತ್ರಿ ತಲೆಯಾಡಿಸಿದ. ಅದೊಂದರಲ್ಲಿ ಅವನು ಬಗ್ಗಲಿಲ್ಲ, ಬಗ್ಗಲೂಬಾರದಿತ್ತು.

ನೆ ಸೇಸಾ ಅವ್ವನನ್ನು ಪಕ್ಕಕ್ಕೆ ಕರೆದ. ನಾನು ಕಿವಿ ಚುರುಕು ಮಾಡಿದೆ. "ಇವತ್ತು ಜಾಗಟೆ ಬಿದ್ರೆ ಇವತ್ತಿಂದ ನಿನಗೆ ಅನ್ನ ಇಲ್ಲ, ನೆನಪಿದೆಯಾ? ಉಳಿದ ಕೋಣಗಳು ಹೊಳೆ ದಾಟಿ ಬಂದು, ಅವನನ್ನ ಬಂಡೆಯಲ್ಲಿ ಕೊರೆದ ಹಿರಿಯರ ಗೂಡಿಗೆ ಸೇರಿಸೋವರೆಗೆ. ದಾರಿ ಯಾವಾಗ ತೆರೆಯುತ್ತೋ ಈ ಜಾವಾದೋನಿಗೂ ಗೊತ್ತಿಲ್ಲ."

"ನೆನಪಿದೆ ಮಾವ" ಎಂದಳು ಅವ್ವ. "ಕೋವಿ ಸದ್ದಿಗೆ ಅವರನ್ನ ಕಳಿಸಲ್ಲ ನಾನು."

ಗುಂಡಿ ತೋಡಲು ಮನೆಗೊಬ್ಬರಂತೆ ಬರಬೇಕೆಂದು ಊರಿನ ಮುಖ್ಯಸ್ಥನಿಂದ ಅಪ್ಪಣೆಯಾಯಿತು. ಬಿಟ್ಟಿ ಕೆಲಸಕ್ಕೆ ಗೊಣಗುವ ಜನ ಅಂದು ಗೊಣಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕೆಂಪು ಮಣ್ಣಿನ ಬಾಯಿ ತೆರೆದಿತ್ತು. ತಂದಿ ಮುಂದೆ ಗೆಣಸಿನ ಎಲೆ ಹಿಡಿದು ಹಿಮ್ಮುಖವಾಗಿ ಇಳಿದ. ತೋದಿ ಅವನ ಹಿಂದೆಯೇ, ಎಲೆ ಮೇಯುತ್ತ, ಕೆಸರುಗುಂಡಿಗೆ ಹೋಗುವಂತೆ ಇಳಿಯಿತು. ತಂದಿ ಅದನ್ನು ಗೂಟಕ್ಕೆ ಕಟ್ಟಿ, ಹಣೆಯ ಬಿಳಿಯ ಮೇಲೆ ಅಂಗೈ ಇಟ್ಟು ಏನೋ ಹೇಳಿದ. ಆಮೇಲೆ ಒಂದೇ ಏಟು. ಅವನು ಜೋರಾಗಿ ಅತ್ತ, ನಾವೂ ಅತ್ತೆವು. ಜಾಗಟೆ ಬಿತ್ತು. ಒಳಗೆ ಹೆಂಗಸರು ಅಪ್ಪನನ್ನು ತಲೆ ಸತ್ತವರ ಊರಿರುವ ದಕ್ಷಿಣಕ್ಕೆ ಬರುವಂತೆ ಹೊರಳಿಸಿ ಮಲಗಿಸಿದರು. ಎರಡು ವರ್ಷದ ಮೇಲೆ ನಮ್ಮಪ್ಪ ಸತ್ತ.

ಸುಣ್ಣ ಸುರಿದಾಯಿತು. ಇನ್ನು ಮಣ್ಣು ಮುಚ್ಚಬೇಕು. ಮನೆಗೊಬ್ಬರು ಗುದ್ದಲಿ ಹಿಡಿದು ನಿಂತಿದ್ದರು, ಯಾರೂ ಮೊದಲು ಕೈ ಹಾಕಲೊಲ್ಲರು. ಆಗ ನೆ ಸೇಸಾ ತೆಗೆದ ಮಣ್ಣಿನ ಗುಡ್ಡೆಯನ್ನು ಕೋಲೂರಿಕೊಂಡು ಹತ್ತಿದ. ಅಟ್ಟಣೆ ಹತ್ತುವ ಹಾಗೆಯೇ ಹತ್ತಿ, ಎದೆ ಸೆಟೆಸಿ, ಗುಡ್ಡದಾಚೆಗೆ ಕೇಳುವ ದನಿಯಲ್ಲಿ ಮೊದಲ ಮನೆಯ ಹೆಸರು ಕೂಗಿದ.

"ನಿನ್ನ ಪಾಲು!" ಎಂದು ಒಂದು ಹಿಡಿ ಮಣ್ಣನ್ನು ಅವನ ಕಾಲ ಬಳಿ ಎಸೆದ. ಮಾಂಸದ ತುಂಡನ್ನು ಎಸೆಯುವುದೂ ಹೀಗೆಯೇ. ಆ ಮನೆಯವನು ಒಂದು ಕ್ಷಣ ಪೆಚ್ಚಾಗಿ ನಿಂತ. ಆಮೇಲೆ ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗುಂಡಿಗೆ ಹಾಕಿದ. ಎರಡನೆಯ ಮನೆ. ಮೂರನೆಯ ಮನೆ. ಹಿರಿತನದ ಸಾಲು ತಪ್ಪಲಿಲ್ಲ. "ನನ್ನ ಹೆಸರು ಇವನಿಗಿಂತ ಮೊದಲು ಬರ್ಬೇಕಿತ್ತು" ಎಂದು ಒಬ್ಬ ತಕರಾರು ತೆಗೆದ. ಪಾಲು ಹಂಚುವಾಗ ಏಳುವ ಮಾಮೂಲಿ ತಕರಾರೇ ಅದು. ಅದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಮಣ್ಣಿಗೂ ಜಗಳವಾಡುತ್ತಿದ್ದಾರೆಂದರೆ ಇದು ನಿಜವಾದ ಪಾಲೇ.

ಎಲ್ಲ ಮನೆ ಮುಗಿದ ಮೇಲೆ ನೆ ಸೇಸಾ ಉಸಿರು ತೆಗೆದುಕೊಂಡು ಕೂಗಿದ, "ಪರ್ತೋನೋ, ಜಾವಾ!"

ಮಂತ್ರಿ ಅಂಗಳದ ಅಂಚಿನಲ್ಲಿ ನಿಂತಿದ್ದವನು ಬೆಚ್ಚಿದ. ಬಂದು ತನ್ನ ಪಾಲಿನ ಮಣ್ಣನ್ನು ಎತ್ತಿಕೊಂಡ. ಎಲ್ಲರೂ ಒಂದೇ ಸಲಕ್ಕೆ ಹಾಕಿದ್ದರು. ಅವನು ಅದನ್ನು ಮೂರು ಭಾಗ ಮಾಡಿ, ತುಟಿ ಅಲುಗಿಸುತ್ತ, ಮೂರು ಸಲ ಹಾಕಿದ. ಹಾಕಿದ ಮೇಲೂ ಖಾಲಿ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ.

ಸುಣ್ಣದ ನೀರಿನ ಹಂಡೆಯ ಹತ್ತಿರ ಅವನು ಕೈ ತೊಳೆಯುವಾಗ ನಾನು ಕೇಳಿಯೇಬಿಟ್ಟೆ. "ಮೂರು ಸಲ ಯಾಕೆ ಹಾಕಿದ್ರಿ?"

"ನಮ್ಮಲ್ಲಿ ಹಾಗೆ. ಮನೆಯವರ ಗೋರಿಗೆ ಮೂರು ಹಿಡಿ." ಅವನು ಕೈಯನ್ನು ಇನ್ನೂ ಉಜ್ಜುತ್ತಲೇ ಇದ್ದ. "ನಮ್ಮಮ್ಮ ಹೋದಾಗ ನಾನು ಈ ಬೆಟ್ಟಗಳಲ್ಲಿ ದನ ನೋಡ್ಕೊಂಡು ತಿರುಗ್ತಾ ಇದ್ದೆ. ಸುದ್ದಿ ಬಂದಿದ್ದು ಒಂದು ತಿಂಗಳಾದ ಮೇಲೆ. ನನಗೆ ಹಾಕೋಕೆ ಆಗಿರಲಿಲ್ಲ."

ಅರ್ಧ ಉಳಿದ ಕಾಫಿಗೆ ಉತ್ತರ ಸಿಕ್ಕಿತು. ಕೇಳಬಾರದಿತ್ತು ಅನ್ನಿಸಲಿಲ್ಲ ನನಗೆ. ಇದನ್ನು ಯಾರಾದರೂ ಕೇಳಲಿ ಎಂದೇ ಅವನು ಕಾಯುತ್ತಿದ್ದ ಹಾಗಿತ್ತು. ಅವ್ವ ಏಣಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಅಂದಿನಿಂದ, ಗಂಡ ಸತ್ತವಳ ಕಟ್ಟಳೆಯಂತೆ, ಅವ್ವನಿಗೆ ಜೋಳ, ಗೆಣಸು, ಕೆಸುವಿನ ಗೆಡ್ಡೆ. ಭತ್ತದ ಕಾಳು ಮುಟ್ಟುವಂತಿಲ್ಲ. ಅಪ್ಪನ ಹತ್ತಿರ ಕೂರುತ್ತಿದ್ದಳು, ಆದರೆ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದಳು. ಸತ್ತವರಿಗೆ ಹಂದಿಯ ಸುದ್ದಿ ಹೇಳಿ ಏನು ಮಾಡಲಿ ಎನ್ನುತ್ತಿದ್ದಳು.

ಮಂತ್ರಿಗೆ ಈ ವಿಷಯ ಗೊತ್ತಾದದ್ದು ಆಮೇಲೊಮ್ಮೆ ತಪಾಸಣೆಗೆ ಬಂದಾಗ. ಅವ್ವ ಅವನಿಗೆ ಅನ್ನ, ಗದ್ದೆ ಮೀನಿನ ಸಾರು ಬಡಿಸಿ, ತಾನು ಜೋಳದ ಗಂಜಿ ಹಿಡಿದು ಕೂತಳು.

"ಹೊಟ್ಟೆ ಸರಿಯಿಲ್ವಾ ಅಮ್ಮ?"

ನಾನೇ ಹೇಳಿದೆ, ಬಾಯಿಗೆ ಬೀಗವಿಲ್ಲವಲ್ಲ. "ನಿಮ್ಮ ಬೇಲಿ ತೆಗೆಯೋವರೆಗೆ ಅವ್ವ ಅನ್ನ ತಿನ್ನಲ್ಲ. ನೆಂಟರ ಕೋಣಗಳು ಬರ್ಬೇಕು, ಅಪ್ಪ ಬಂಡೆ ಸೇರ್ಬೇಕು, ಆಮೇಲೆ."

ಅವನ ಕೈ ತಟ್ಟೆಯಲ್ಲೇ ನಿಂತಿತು. "ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಲಿ ತೆಗೀತಿದ್ರಾ?" ಎಂದಳು ಅವ್ವ.

"ಇಲ್ಲ."

"ಮತ್ತೆ? ಉಣ್ಣಿ, ತಣ್ಣಗಾಗುತ್ತೆ."

ಅಂದಿನಿಂದ ಆ ಮನುಷ್ಯ ಕೋಣಗಳ ಗಂಟಲು ನೋಡುವ ರೀತಿಯೇ ಬೇರೆಯಾಯಿತು. ಇಂತಿಷ್ಟು ವಾರ ಹೊಸ ಕಾಯಿಲೆ ಕಾಣದಿದ್ದರೆ ಬೇಲಿ ತೆಗೆಯಬಹುದೆಂದು ಕಾನೂನಿನಲ್ಲಿತ್ತು. ಅವನು ಮಳೆ ಬಿಸಿಲು ನೋಡದೆ ಎರಡೂ ದಡ ಸುತ್ತಿದ. ಅವ್ವ ಸೊರಗುತ್ತಾ ಹೋದಳು. ಅರ್ಧ ಹಲ್ಲು ಹೋದ ಅವಳ ಬಾಯಿಗೆ ಜೋಳ ಇಳಿಯುತ್ತಿರಲಿಲ್ಲ. ಕೆನ್ನೆ ಒಳಸೇರಿತು, ಏಣಿ ಇಳಿಯುವಾಗ ಕಾಲು ನಡುಗಲು ಶುರುವಾಯಿತು. ಅಪ್ಪನನ್ನು ಕಳಿಸುವ ಮುಂಚೆ ಅವ್ವನೇ ಹೊರಡುತ್ತಾಳೇನೋ ಎಂದು ನಾನು ಹೆದರಿದೆ.

ಇನ್ನೇನು ಬೇಲಿ ತೆಗೆಯುತ್ತಾರೆ ಎನ್ನುವಾಗ, ನಮ್ಮ ಬಿದಿರು ಮೆಳೆಯ ಹಿಂದೆ ಒಂದು ಎಮ್ಮೆಕರು ಸತ್ತುಬಿತ್ತು. ಕಂಡದ್ದು ತಂದಿ ಒಬ್ಬನೇ. ಗಂಟಲು ಊದಿತ್ತು. ಯಾರಿಗೂ ಹೇಳದೆ ಅಲ್ಲೇ ಗುಂಡಿ ತೋಡಿ ಹೂತು, ಮೇಲೆ ತರಗೆಲೆ ಹರಡಿ ಬಂದ. ಊಟಕ್ಕೆ ಕೂತಾಗ ಅವ್ವ ಅವನ ಉಗುರು ನೋಡಿದಳು. ಉಗುರ ಸಂದಿಯಲ್ಲಿ ಕೆಂಪು ಮಣ್ಣು, ಸುಣ್ಣ.

"ಏನು ಹೂತೆ?"

ತಂದಿ ತಲೆ ತಗ್ಗಿಸಿದ. "ಒಂದು ಕರು ಅವ್ವ. ಒಂದೇ ಒಂದು. ಇದು ತಿಳಿದ್ರೆ ಮತ್ತೆ ಮೊದಲಿಂದ ವಾರ ಎಣಿಸ್ತಾರೆ. ನಿನ್ನ ಮುಖ ಕನ್ನಡಿಯಲ್ಲಿ ನೋಡ್ಕೊಂಡಿದೀಯಾ?"

"ನನ್ನ ಅನ್ನಕ್ಕೋಸ್ಕರ ಹೊಳೆಯಾಚೆಯವರ ಕೊಟ್ಟಿಗೆ ಖಾಲಿ ಮಾಡ್ತೀಯಾ? ಆ ಕೋಣಗಳ ಮೇಲೆ ನಿಮ್ಮಪ್ಪ ಹೋಗ್ಬೇಕಾ?" ಎಂದು ಅವ್ವ ಗಂಜಿಯ ಬಟ್ಟಲು ದೂಡಿದಳು. "ಲೆಬಾಂಗ್, ಏಳು. ಮಂತ್ರಿಗೆ ಹೇಳಿ ಬಾ."

ನನಗೆ ತಂದಿ ಸರಿ ಅನ್ನಿಸಿತ್ತು, ಅವ್ವನೂ ಸರಿ ಅನ್ನಿಸಿದಳು. ಇಬ್ಬರಿಗೂ ಬೈದುಕೊಳ್ಳುತ್ತಲೇ ಹೊಳೆಯವರೆಗೆ ನಡೆದೆ. ಮಂತ್ರಿ ಪೂರ್ತಿ ಕೇಳಿಸಿಕೊಂಡ. "ಯಾರು ಕಳಿಸಿದ್ದು?" ಎಂದ. ಅವ್ವ ಎಂದೆ. ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. ತಂದಿಯ ಮೇಲೆ ದೂರು ಬರೆಯಲಿಲ್ಲ. ಆದರೆ ವಾರದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಯಿತು.

ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಬೇಲಿ ಕಿತ್ತರು. ಹೊಳೆಯಾಚೆಯ ಕೋಣಗಳಲ್ಲಿ ಒಂದೂ ಸತ್ತಿರಲಿಲ್ಲ. ಅವು ನೀರು ಸೀಳಿಕೊಂಡು ಈಚೆ ದಡ ಹತ್ತುವುದನ್ನು ಊರಿಗೆ ಊರೇ ನೋಡಿತು. ಎಲ್ಲಕ್ಕಿಂತ ಮುಂದೆ ಮಂತ್ರಿ ಬರುತ್ತಿದ್ದ, ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲೊಂದು ಎಳೆ ಕೋಣ. ನೇರವಾಗಿ ನೆ ಸೇಸಾನ ಮುಂದೆ ಬಂದು ನಿಂತ.

"ಅಜ್ಜ, ಪಾಲು ತಗೊಂಡವರು ವಾಪಸ್ ತರ್ಬೇಕು ಅಂತಾರೆ. ಮಣ್ಣಿನ ಪಾಲಿಗೆ ಏನು ತರ್ಬೇಕು ಅಂತ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದ ನೆ ಸೇಸಾ, ಕೋಣದ ಸುಳಿ ತಡವುತ್ತಾ. "ಇಷ್ಟು ಬೇಕಿರಲಿಲ್ಲ. ತಂದಾಯ್ತಲ್ಲ, ಕಟ್ಟು."

ಅಪ್ಪನ ಮುಂದಿನ ಕಾರ್ಯವೆಲ್ಲ ಸಾಂಗವಾಗಿ ನಡೆಯಿತು. ಮಂತ್ರಿ ತಂದ ಕೋಣವನ್ನು ಕೊಯ್ಯಲು ತಂದಿ ಅವನ ಕೈಗೇ ಕತ್ತಿ ಕೊಟ್ಟ, ಅವನ ದೇವರ ಹೆಸರು ಹೇಳಿ ಕೊಯ್ಯಲಿ, ಅವನಿಗೂ ತಿನ್ನಲು ಬರಲಿ ಎಂದು. ನೆ ಸೇಸಾ ಅಟ್ಟಣೆ ಹತ್ತಿದ. ಈ ಸಲ ನಿಜವಾದ ಮಾಂಸ. ಹೆಸರುಗಳು ಸಾಲಾಗಿ ಬಿದ್ದವು, ಮಾಮೂಲಿ ತಕರಾರುಗಳೂ ಬಿದ್ದವು. ಮಂತ್ರಿ ತನ್ನ ಹೆಸರಿಗೆ ಕಿವಿಗೊಟ್ಟು ನಿಂತಿದ್ದ. ಅವನ ಹೆಸರು ಬರಲಿಲ್ಲ.

ಬಂದದ್ದು ಬೇರೆ. "ಇಂದೋ ಪರ್ತೋನೋ!" ಎಂದು ನೆ ಸೇಸಾ ಕೂಗಿದ. "ಜಾವಾದ ಇಂದೋ ಪರ್ತೋನೋ! ನಿನ್ನ ಪಾಲು!"

ಗುಡ್ಡ ಅದನ್ನು ತಿರುಗಿಸಿ ಕೂಗಿತು. ಮಂತ್ರಿ ಅಲ್ಲಾಡಲಿಲ್ಲ. ತಂದಿ ಅವನ ಬೆನ್ನ ಮೇಲೆ ಕೈಯಿಟ್ಟು, "ಹೋಗಯ್ಯ. ನಿಮ್ಮಮ್ಮನ್ನ ಕರೀತಾವ್ರೆ. ಮಗ ಅಲ್ವಾ ಓ ಅನ್ಬೇಕು" ಎಂದ. ಅವನು ಹೋದ. ಮೊದಲ ಓ ಅವನಿಗೆ ಮಾತ್ರ ಕೇಳಿಸಿತು. ಎರಡನೆಯ ಸಲಕ್ಕೆ ಎಲ್ಲರಿಗೂ ಕೇಳುವಂತೆ ಓಗೊಟ್ಟ.

ಅಪ್ಪ ಬಂಡೆಯ ಗೂಡು ಸೇರಿದ ಮಾರನೆಯ ದಿನ ಅವ್ವನಿಗೆ ಅನ್ನ. ಮೊದಲ ತುತ್ತನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿಯುತ್ತಲೇ ಇದ್ದಳು. ನನಗೆ ತಡೆಯಲಿಲ್ಲ.

"ಅವ್ವ, ಸತ್ತವರ ಹೆಸರಿಗೆ ಪಾಲು ಕೂಗೋದು ನಮ್ಮಲ್ಲಿ ಎಲ್ಲಿದೆ? ಅದೂ ಕಾಣದ ಊರಿನವಳು. ನೆ ಸೇಸಾಗೆ ಹೇಳಿಕೊಟ್ಟಿದ್ದು ನೀನೇ ತಾನೆ?"

ಅವ್ವ ನುಂಗಿದಳು. "ಅವಳ ಮಗ ಅವಳಿಗೆ ಮಣ್ಣು ಹಾಕಿದ್ದೆಲ್ಲಿ, ಹೇಳು?"

"ನಮ್ಮ ಅಂಗಳದಲ್ಲಿ."

"ಹಂಗಾದ್ರೆ ಅವಳು ಯಾವೂರೋಳು?" ಎಂದು ಅವ್ವ ಎರಡನೆಯ ತುತ್ತಿಗೆ ಕೈ ಹಾಕಿದಳು.